ದೀಪ ಹತ್ತಿದ ಗುಂಡಿ

"ನಿಮ್ಮಣ್ಣನಿಗೆ ನೀನು ಗುಂಡಿ ಒತ್ತೋದು ಹೇಳಿಕೊಡ್ತೀಯಾ? ಗುಂಡಿ ಒತ್ತಿ ಒತ್ತಿಯೇ ಅಲ್ವಾ ಅವರು ಇಷ್ಟು ವರ್ಷ ಸಂಸಾರ ಸಾಕಿದ್ದು," ಎಂದರು ಅತ್ತಿಗೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಅವರು ಗಂಡನ ಅಂಗಿಗಳ ಗುಂಡಿ ಕೀಳುತ್ತಿದ್ದರು. ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ, ಎಳೆದರೆ ಬಿಚ್ಚಿಕೊಳ್ಳುವ ಅಂಟುಪಟ್ಟಿ ಹೊಲಿಯಿರಿ ಎಂದು ನರ್ಸ್ ಹೇಳಿದ್ದಳು. ಕಿತ್ತ ಗುಂಡಿಗಳು ಅವರ ಮಡಿಲಲ್ಲಿ ಬಿದ್ದಿದ್ದವು.

"ಅದಕ್ಕೇ ಅತ್ತಿಗೆ. ಗೊತ್ತಿರೋ ಕೆಲಸ ಕೊಟ್ಟರೆ ಕೈ ತಾನೇ ಮುಂದೆ ಬರುತ್ತೆ. ಕಂಪ್ಯೂಟರಲ್ಲಿ ಒಂದು ಗುಂಡಿ ಆಟ ಮಾಡ್ತೀನಿ."

"ಗುಂಡಿ ಆಟ. ಬಿದ್ದಿರೋ ಗುಂಡಿ ಸಾಲದು ಅಂತ ನೀನೊಂದು ತೋಡು," ಎಂದು ಅತ್ತಿಗೆ ಹಲ್ಲಿನಿಂದ ದಾರ ಕಡಿದರು.

ಅವರ ಬಾಯಿಯೇ ಹಾಗೆ, ತಂಗಿಗೆ ಅದೇನು ಹೊಸದಲ್ಲ. ತಂಗಿ ಎಂದರೆ ಕಡ್ಡಿ. ಹುಟ್ಟಿದಾಗ ಬೆಂಕಿಕಡ್ಡಿಯ ಹಾಗಿದ್ದಳೆಂದು ಅಣ್ಣನೇ ಇಟ್ಟ ಹೆಸರು. ಈಗ ನಲವತ್ತು ದಾಟಿ, ಬಸ್ಸಿನಲ್ಲಿ ಒಂದೂವರೆ ಸೀಟು ಹಿಡಿಯುವಷ್ಟು ಮೈ ಬಂದರೂ ಹೆಸರು ಮಾತ್ರ ತೆಳ್ಳಗೇ ಉಳಿದಿತ್ತು. ಅಣ್ಣನಿಗೂ ಸ್ವಂತ ಹೆಸರೊಂದು ಇದ್ದೇ ಇತ್ತು, ಆದರೆ ಅದನ್ನು ಬಳಸುತ್ತಿದ್ದದ್ದು ಸಂಬಳದ ಚೀಟಿಯೊಂದೇ. ಏಳು ಮಹಡಿಯ ಹಳೆಯ ಆಫೀಸು ಕಟ್ಟಡದಲ್ಲಿ ಅವನು ಲಿಫ್ಟು ನಡೆಸುತ್ತಿದ್ದ. ಮೇಲಿನ ಮಹಡಿಯ ಸಾಹೇಬರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವನು ಲಿಫ್ಟಣ್ಣ. ಬಾಗಿಲ ಪಕ್ಕ ಒಂದು ಮರದ ಸ್ಟೂಲು, ಕೈಗೆಟಕುವಷ್ಟರಲ್ಲಿ ಗುಂಡಿಗಳ ಫಲಕ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರಿಗೆ ಮೇಲಧಿಕಾರಿಯಿಂದ ಬೈಗುಳ ಬಿತ್ತು, ಎಲ್ಲವೂ ಅವನಿಗೆ ಎರಡು ಮಹಡಿಯ ನಡುವೆಯೇ ತಿಳಿಯುತ್ತಿತ್ತು. ಯಾರಿಗೂ ಅವನು ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಅದೇ ಸ್ಟೂಲಿನ ಮೇಲೆ ಕೂತಿದ್ದವನು ಪಕ್ಕಕ್ಕೆ ವಾಲಿದ. ಲಿಫ್ಟು ತಾನು ನಿಲ್ಲಬೇಕಾದ ಮಹಡಿಯಲ್ಲಿ ಸರಿಯಾಗಿ ನಿಂತಿತಂತೆ, ಬಾಗಿಲೂ ತೆರೆಯಿತಂತೆ. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಆಮೇಲೆ ಒಂದು ವಾರ ಕಳೆದ ಮೇಲೆ ಒಂದೇ ಒಂದು ಮಾತು ವಾಪಸು ಬಂತು. "ಆಯ್ತು."

ಆ ಮಾತು ಬಂದ ದಿನ ಅತ್ತಿಗೆ, ಕಡ್ಡಿ ಇಬ್ಬರೂ ವಾರ್ಡಿನಲ್ಲೇ ಅತ್ತರು, ಪಕ್ಕದ ಹಾಸಿಗೆಯವರೂ ಕಣ್ಣೊರೆಸಿಕೊಂಡರು. ಒಂದು ಬಂದರೆ ಇನ್ನೊಂದು ಅದರ ಬೆನ್ನಿಗೇ ಬರುತ್ತದೆ ಎಂದುಕೊಂಡರು. ಬರಲಿಲ್ಲ. ಹಾಲು ಕುಡಿಯುತ್ತೀಯಾ ಎಂದರೆ ಆಯ್ತು, ನೋವಿದೆಯಾ ಎಂದರೆ ಆಯ್ತು, ನಾನು ಯಾರು ಹೇಳು ಎಂದರೂ ಆಯ್ತು. ಒಪ್ಪಿಕೊಂಡೆ ಎನ್ನುವುದಕ್ಕೂ ಅದೇ ಮಾತು, ಮುಗಿಯಿತು ಎನ್ನುವುದಕ್ಕೂ ಅದೇ, ಇನ್ನು ಸಾಕು ಮಾಡು ಎಂದು ಗದರುವುದಕ್ಕೂ ಅದೇ. ಅವನು ಯಾವುದನ್ನು ಹೇಳುತ್ತಿದ್ದಾನೆ ಎಂದು ತಿಳಿಯುವುದು ಹೇಗೆ? ಕಡ್ಡಿ ಅದನ್ನು ಒಪ್ಪಿಗೆ ಎಂದುಕೊಂಡಳು. ಅತ್ತಿಗೆ ಅದನ್ನು ಸಾಕು ಎಂದುಕೊಂಡರು. ಮಾತು ಕಲಿಸಲು ಬರುತ್ತಿದ್ದ ಮೇಡಂ, ಅದಕ್ಕೆ ಅರ್ಥ ಹುಡುಕಬೇಡಿ, ಮನೆ ಖಾಲಿ ಮಾಡುವಾಗ ಗೋಡೆಯಲ್ಲಿ ಒಂದು ಮೊಳೆ ಉಳಿದುಬಿಡುತ್ತದಲ್ಲ, ಹಾಗೆ ಉಳಿದದ್ದು ಎಂದು ಮೆಲ್ಲಗೆ ತಿಳಿಸಿ ಹೇಳಿದರು.

ಮಾತಿನ ಮೇಡಂ ಕೆಟ್ಟವರಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ತರಬೇತಿ ವಾರ್ಡು ಎಂದು ಒಂದಿತ್ತು. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಸುತ್ತಾರೆ, ಮಾತಾಡಿಸುತ್ತಾರೆ, ಚಮಚ ಹಿಡಿಸುತ್ತಾರೆ. ಹೊತ್ತು ತಂದವರು ಎಷ್ಟೋ ಸಲ ನಡೆಸಿಕೊಂಡು ಹೋಗುತ್ತಾರೆ. ಹಾಸಿಗೆಗಳು ಬೆರಳೆಣಿಕೆಯಷ್ಟು. ಹೇಳಿದ್ದು ತಲೆಗೆ ಹೋಗುತ್ತದೆ ಎಂದು ಗೊತ್ತಾದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅಣ್ಣನ ವಿಷಯದಲ್ಲಿ ಅದೇ ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಎಂದರೆ ಬಾಯಿ ತೆರೆಯುತ್ತಿದ್ದ. ಚಿತ್ರದ ಕಾರ್ಡು ಹಿಡಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಕೆಲವರಿಗೆ ಒಳಗೆ ಅರ್ಥವಾಗಿರುತ್ತದೆ, ಆದರೆ ಅಪ್ಪಣೆ ಕೊಟ್ಟರೆ ಮೈ ಕೇಳುವುದಿಲ್ಲ, ಅವರಿಗೆ ಇಷ್ಟವಾದದ್ದೇನಾದರೂ ಇದ್ದರೆ ತನ್ನಿ, ನೋಡೋಣ ಎಂದಿದ್ದರು ಮೇಡಂ.

ಆ ವಾರ್ಡು ಸಿಗದಿದ್ದರೆ ಊರ ಹೊರಗಿನ ಆರೈಕೆ ಮನೆ. ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣಿಸುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಅಷ್ಟೇ. ಮನೆಗಾದರೂ ಕರೆದುಕೊಂಡು ಹೋಗೋಣವೆಂದರೆ ಮನೆ ಇರುವುದು ಮೂರನೇ ಮಹಡಿಯಲ್ಲಿ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಮೆಟ್ಟಿಲು. ಜೀವಮಾನವಿಡೀ ಲಿಫ್ಟಿನಲ್ಲೇ ಕಳೆದವನ ಮನೆಗೆ ಲಿಫ್ಟಿರಲಿಲ್ಲ. ಅತ್ತಿಗೆಗೆ ಹೊಲಿಗೆ ಕಾರ್ಖಾನೆಯ ಕೆಲಸ, ಜೊತೆಗೆ ಸೊಂಟನೋವು. ಅವರಿಂದ ಅವನನ್ನು ಎಬ್ಬಿಸಿ ಕೂರಿಸುವುದೂ ಆಗುತ್ತಿರಲಿಲ್ಲ.

ಹೀಗಿರುವಾಗ ಕಡ್ಡಿಗೆ ಗುಂಡಿ ಆಟದ ಯೋಚನೆ ಬಂದದ್ದು. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಫ್ರೇಮಿಗೆ ಗಾಜು ಕೂರಿಸುವುದು, ಸಡಿಲಾದ ತಿರುಪು ಬಿಗಿಮಾಡುವುದು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಪಾಠ ನೋಡಿಕೊಂಡು ಪ್ರೋಗ್ರಾಂ ಬರೆಯುವುದನ್ನು ಅಷ್ಟಿಷ್ಟು ಕಲಿತಿದ್ದಳು. ಯಾಕೆ ಎಂದು ಕೇಳಿದರೆ, ಕೆಲವರು ಕಸೂತಿ ಹಾಕುವುದಿಲ್ಲವೇ, ಹಾಗೆ. ಯಾವ ಪಾಠ ತೆಗೆದರೂ ಮೊದಲ ದಿನ ಹೇಳಿಕೊಡುವುದು ಒಂದನ್ನೇ: ಪರದೆಯ ಮೇಲೆ ಒಂದು ಕಿಟಕಿ ತೆರೆ, ಅದರೊಳಗೆ ಒಂದು ಗುಂಡಿ ಇಡು, ಒತ್ತಿದರೆ ಏನಾದರೂ ಆಗಬೇಕು. ಅವಳ ಮೊದಲ ಗುಂಡಿ ಒತ್ತಿದರೆ "ಏನ್ರೀ ಸಮಾಚಾರ" ಎಂದು ಬರುತ್ತಿತ್ತು. ಅದನ್ನು ಅಂಗಡಿಯ ಯಜಮಾನರಿಗೆ ತೋರಿಸಿ ಆ ದಿನವೆಲ್ಲ ಅವಳು ಹಿಗ್ಗಿದ್ದಳು.

ಯಜಮಾನರು ಈಗ ಮೂಲೆಗೆ ಹಾಕಿದ್ದ ಒಂದು ಟಚ್ ಸ್ಕ್ರೀನ್ ಕಂಪ್ಯೂಟರನ್ನು ತೆಗೆದುಕೊಟ್ಟರು. ಒಂದು ಕಾಲದಲ್ಲಿ ಗಿರಾಕಿಗಳು ಅದರಲ್ಲಿ ತಮ್ಮ ಮುಖಕ್ಕೆ ಬೇರೆ ಬೇರೆ ಫ್ರೇಮು ಇಟ್ಟು ನೋಡುತ್ತಿದ್ದರು. ಮೂಲೆಯಲ್ಲಿ ಒಂದು ಗೀರು ಬಿದ್ದಿತ್ತು, ಬೆರಳು ಇಟ್ಟರೆ ಕೆಲಸ ಮಾಡುತ್ತಿತ್ತು.

ಕಡ್ಡಿ ಅರ್ಧ ದಿನ ರಜೆ ಹಾಕಿ ಅಣ್ಣನ ಕಟ್ಟಡಕ್ಕೆ ಹೋದಳು. ಲಿಫ್ಟು ಈಗ ಬಂದವರೇ ನಡೆಸಿಕೊಳ್ಳುವ ಲಿಫ್ಟಾಗಿತ್ತು. ಸ್ಟೂಲು ಇನ್ನೂ ಅಲ್ಲೇ ಇತ್ತು, ಅದರ ಮೇಲೆ ಯಾರೋ ಕಡತದ ಕಟ್ಟೊಂದನ್ನು ಇಟ್ಟು ಮರೆತಿದ್ದರು. ಫಲಕದ ಫೋಟೋ ತೆಗೆದುಕೊಂಡು ಬಂದು ಅದನ್ನು ಹಾಗೆಯೇ ಪರದೆಯ ಮೇಲೆ ಮೂಡಿಸಿದಳು. ಎರಡು ಸಾಲು ದುಂಡನೆಯ ಬೂದು ಗುಂಡಿಗಳು. ನಾಲ್ಕನೇ ಮಹಡಿಯಲ್ಲಿ ಜನ ಜಾಸ್ತಿಯಾದ್ದರಿಂದ ಅಲ್ಲಿಯ ಗುಂಡಿಯ ಅಂಕಿ ಅರ್ಧ ಸವೆದಿತ್ತು. ಪರದೆಯ ನಾಲ್ಕನ್ನೂ ಅರ್ಧ ಅಳಿಸಿದಳು. ಗುಂಡಿಗಳ ಕೆಳಗೆ ಎಡಕ್ಕೆ ಬಾಗಿದ ತಿರುಪನ್ನು ಸಹ ಬಿಡಲಿಲ್ಲ.

ಆಟವೇನು ಬ್ರಹ್ಮವಿದ್ಯೆಯಲ್ಲ. ಯಾವುದಾದರೂ ಒಂದು ಗುಂಡಿಗೆ ಹಳದಿ ದೀಪ ಹತ್ತುತ್ತದೆ. ಅದು ಆರುವುದರೊಳಗೆ ಅದನ್ನು ಒತ್ತಬೇಕು. ಒತ್ತಿದರೆ ಟಿಣ್ ಎಂದು ಒಂದು ಅಂಕ, ಆಮೇಲೆ ಇನ್ನೊಂದಕ್ಕೆ ದೀಪ. ಬೇರೆಯದನ್ನು ಒತ್ತಿದರೆ ಗುರ್ ಎನ್ನುತ್ತದೆ. ಯಜಮಾನರು ಮೊದಲು ಆಡಿ ನೋಡಿ, ಟಿಣ್ ಟಿಣ್ ಎಂದು ಅಂಕ ಗುಡ್ಡೆಹಾಕಿಕೊಂಡು, ನಿಮ್ಮಣ್ಣ ಎದ್ದು ಬರುವವರೆಗೆ ಲಿಫ್ಟಿನ ಕೆಲಸ ನನಗೇ ಕೊಡಿಸು, ಈ ಅಂಗಡಿಯಲ್ಲೇನೂ ಗಿಟ್ಟುವುದಿಲ್ಲ ಎಂದರು. ಅವಳು ಬಹಳ ದಿನಗಳ ಮೇಲೆ ನಕ್ಕಳು.

ಆಸ್ಪತ್ರೆಯಲ್ಲಿ ಪರದೆಯನ್ನು ಊಟದ ಮೇಜಿನ ಮೇಲಿಟ್ಟು ಹಾಸಿಗೆಗೆ ತಾಗಿಸಿದಾಗ ಅಣ್ಣ ಮುಖ ತಿರುಗಿಸಲಿಲ್ಲ. ಅಷ್ಟೂ ದಿನ ಎಲ್ಲೋ ನೋಡುತ್ತಿದ್ದ ಕಣ್ಣು ಬಂದು ಫಲಕದ ಮೇಲೆ ಕೂತಿತು. ಎಡಗೈ ತಾನಾಗಿ ಎದ್ದಿತು. ಸವೆದ ನಾಲ್ಕರ ಮೇಲೆ ಹೆಬ್ಬೆರಳು ಸವರಿದ. ಕಡ್ಡಿ ಅತ್ತಿಗೆಯ ತೋಳು ಹಿಡಿದುಕೊಂಡಳು.

ಮೂರಕ್ಕೆ ದೀಪ ಹತ್ತಿತು.

"ಅಣ್ಣ, ಹಳದಿ ಆಯ್ತಲ್ಲ, ಅದನ್ನ ಒತ್ತು," ಎಂದಳು ಕಡ್ಡಿ.

ಅವನು ದೀಪವನ್ನು ನೋಡಿದ. "ಆಯ್ತು," ಎಂದ. ಕೈ ಎತ್ತಲಿಲ್ಲ.

ಒಪ್ಪಿಕೊಂಡಿದ್ದಾನೆ, ಕೈ ಬರಲು ಹೊತ್ತು ಬೇಕು ಎಂದು ಅವಳು ಕಾದಳು. ದೀಪ ಆರಿತು. ಆರಕ್ಕೆ ಹತ್ತಿತು. ಅವನು ಆರನ್ನು ನೋಡಿ "ಆಯ್ತು" ಎಂದು, ಪಕ್ಕದಲ್ಲಿ ದೀಪವಿಲ್ಲದ ಐದನ್ನು ಒತ್ತಿದ. ಪರದೆ ಗುರ್ ಎಂದಿತು. ಅಣ್ಣ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡ. ಬೈಸಿಕೊಂಡವನ ಹಾಗೆ ಅವಳ ಮುಖ ನೋಡಿದ.

ಮೊದಲ ದಿನ ಅಲ್ಲವೇ ಎಂದು ಕಡ್ಡಿ ಸಮಾಧಾನ ಮಾಡಿಕೊಂಡಳು. ಮಾರನೆಯ ದಿನ ಗುಂಡಿಗಳನ್ನು ದೊಡ್ಡದು ಮಾಡಿ ತಂದಳು. ಅದರ ಮಾರನೆಯ ದಿನ ದೀಪ ಬೇಗ ಆರದ ಹಾಗೆ ಮಾಡಿದಳು. ಆಮೇಲೆ ಹಳದಿಯನ್ನು ಇನ್ನೂ ಹೊಳೆಯುವ ಹಳದಿ ಮಾಡಿದಳು, ಮಿಣುಕುವಂತೆ ಮಾಡಿದಳು, ಗುರ್ ಎನ್ನುವ ಸದ್ದನ್ನು ಕಿತ್ತು ಹಾಕಿದಳು. ಅವಳು ದೀಪವನ್ನು ಎದ್ದು ಕಾಣುವಂತೆ ಮಾಡಿದಷ್ಟೂ ಅಣ್ಣ ಅದರಿಂದ ದೂರ ಸರಿಯುತ್ತಿದ್ದ. ಒಮ್ಮೆ, ನೋಡು ಹೀಗೆ ಎಂದು ತಾನೇ ದೀಪದ ಗುಂಡಿ ಒತ್ತಲು ಹೋದಾಗ, ಅವಳ ಮಣಿಕಟ್ಟು ಹಿಡಿದು ಕೈಯನ್ನು ಪಕ್ಕಕ್ಕೆ ಸರಿಸಿದ. "ಆಯ್ತು ಆಯ್ತು," ಎಂದ. ದನಿ ಸ್ವಲ್ಪ ಬಿರುಸಾಗಿತ್ತು.

"ಬಿಡೇ ಕಡ್ಡಿ, ಸಾಕು ಅಂತಿದಾರೆ. ಅಷ್ಟೂ ಗೊತ್ತಾಗಲ್ವಾ ನಿನಗೆ?" ಎಂದರು ಅತ್ತಿಗೆ.

ಪರೀಕ್ಷೆಯ ದಿನ ಬಂತು. ಮೇಲಿನ ವಾರ್ಡಿನಲ್ಲಿ ಒಂದು ಹಾಸಿಗೆ ತೆರವಾಗಿತ್ತು. ಮೇಡಂ ಕಾರ್ಡುಗಳನ್ನು ತಂದಿದ್ದರು, ಆದರೆ ಕಡ್ಡಿ ಬಿಡಲಿಲ್ಲ. ಕಾರ್ಡು ಕಂಡರೆ ಅವನು ಮುಖ ತಿರುಗಿಸುತ್ತಾನೆ, ಇದನ್ನಾದರೆ ನೋಡುತ್ತಾನೆ, ಇದರಲ್ಲೇ ನೋಡಿ ಮೇಡಂ ಎಂದು ಕೈ ಹಿಡಿಯುವಷ್ಟು ಬೇಡಿಕೊಂಡಳು. ತನ್ನ ಆಟದ ಮೇಲೆ ಅವಳಿಗೆ ಅಷ್ಟು ನಂಬಿಕೆ. ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಮೇಡಂ ಒಪ್ಪಿ ಕುರ್ಚಿ ಎಳೆದುಕೊಂಡು ಕೂತರು.

ದೀಪ ಹತ್ತಿತು, ಆರಿತು. ಹತ್ತಿತು, ಆರಿತು. ಅಣ್ಣ ಪ್ರತಿಯೊಂದನ್ನೂ ನೋಡಿ ತಾಳ್ಮೆಯಿಂದ "ಆಯ್ತು" ಎನ್ನುತ್ತಾ ಕೂತಿದ್ದ. ನಡುನಡುವೆ ದೀಪವಿಲ್ಲದ್ದನ್ನು ಒತ್ತಿದ. ಕೊನೆಗೆ ಪರದೆಯ ಮೇಲೆ ದೊಡ್ಡದಾಗಿ ಸೊನ್ನೆ ಬಂತು. ಸೊನ್ನೆಯ ಕೆಳಗೆ "ಇನ್ನೊಮ್ಮೆ ಪ್ರಯತ್ನಿಸಿ" ಎಂದು ಕಡ್ಡಿಯೇ ಬರೆದಿದ್ದಳು. ಬಣ್ಣದ ಅಕ್ಷರ, ಸುತ್ತ ಹೂವು.

ಮೇಡಂ ತಂದಿದ್ದ ಕಾರ್ಡುಗಳನ್ನು ಎತ್ತಿಟ್ಟುಕೊಂಡರು. ನೋಡುವುದೇನೋ ನೋಡುತ್ತಾರೆ, ಆದರೆ ಕಂಡದ್ದಕ್ಕೂ ಮಾಡುವುದಕ್ಕೂ ನಡುವಿನ ದಾರಿ ಕಡಿದ ಹಾಗಿದೆ, ಕುರುಡಾಗಿ ಒತ್ತಿದರೂ ಒಂದೆರಡು ತಾಗಬೇಕಿತ್ತು ಎಂದರು. ಆ ಮಾತು ಕಡ್ಡಿಯ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕುರುಡಾಗಿ ಒತ್ತಿದರೂ ತಾಗಬೇಕಾದದ್ದು ಒಂದೂ ತಾಗಲಿಲ್ಲವೆಂದರೆ, ಅವನು ಬೇಕೆಂದೇ ಬಿಡುತ್ತಿದ್ದಾನೆ ಎಂದು ಆ ಗಳಿಗೆಯಲ್ಲಿ ಮೂವರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ಮನಸ್ಸು ಕುಸಿದಾಗ ಲೆಕ್ಕ ಓಡುವುದಿಲ್ಲ.

ಮೇಡಂ ಹೋದ ಮೇಲೆ ಅತ್ತಿಗೆ ಹಾಸಿಗೆಯ ಅಂಚಿನಲ್ಲಿ ಕೂತರು. ಗಂಡನ ಮುಖ ಒರೆಸಿದರು, ಹೊದಿಕೆ ಸರಿಮಾಡಿದರು, ಕಿಟಕಿಯ ಕಡೆ ನೋಡಿಕೊಂಡು ಯಾರಿಗೂ ಅಲ್ಲದ ಹಾಗೆ ಮಾತಾಡಿದರು.

"ಇವರಿಗೆ ಏನೂ ಅರ್ಥ ಆಗ್ತಿಲ್ಲ ಅನ್ನೋದೇ ಒಳ್ಳೇದಾಯ್ತು ಬಿಡು. ಅವತ್ತೇ ಆ ಲಿಫ್ಟಲ್ಲೇ ಉಸಿರು ಹೋಗಿದ್ದಿದ್ರೆ ಇವರಿಗೂ ಸುಖ, ನನಗೂ ಸುಖ."

ಅತ್ತಿಗೆ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಬೆಳಿಗ್ಗೆ ಕಾರ್ಖಾನೆ, ಮಧ್ಯಾಹ್ನ ಆಸ್ಪತ್ರೆ, ಸಂಜೆ ಮತ್ತೆ ಕಾರ್ಖಾನೆ ಎಂದು ಓಡಿ ಓಡಿ ಸವೆದ ಹೆಂಗಸು.

"ಆಯ್ತು," ಎಂದ ಅಣ್ಣ ಹಾಸಿಗೆಯಿಂದ.

"ನೋಡು, ಅದಕ್ಕೂ ಆಯ್ತಂತೆ," ಎಂದು ಅತ್ತಿಗೆ ನಗುವುದಕ್ಕೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆರೈಕೆ ಮನೆಯ ವ್ಯಾನು ಬಂದದ್ದು ಆ ವಾರದ ಕೊನೆಗೆ. ಅತ್ತಿಗೆ ಬಟ್ಟೆಯ ಗಂಟು ಹಿಡಿದು ಮೊದಲೇ ಕೆಳಗಿಳಿದಿದ್ದರು. ಕಡ್ಡಿ ಗಾಲಿಕುರ್ಚಿ ತಳ್ಳಿಕೊಂಡು ಆಸ್ಪತ್ರೆಯ ಲಿಫ್ಟಿಗೆ ಬಂದಳು, ಜೊತೆಗೊಬ್ಬ ಆಯಾ. ಅಣ್ಣ ಬಿದ್ದ ಮೇಲೆ ಎಚ್ಚರದಲ್ಲಿ ಲಿಫ್ಟು ಹತ್ತುತ್ತಿದ್ದದ್ದು ಅದೇ ಮೊದಲು. ಒಳಗೆ ಇನ್ನೂ ನಾಲ್ಕಾರು ಜನ. ಕುರ್ಚಿ ಫಲಕದ ಪಕ್ಕಕ್ಕೇ ನಿಂತಿತು. ಕೆಳಗಿಳಿಯುವವರು ಯಾರೋ ಆಗಲೇ ನೆಲಮಹಡಿಯ ಗುಂಡಿ ಒತ್ತಿದ್ದರು, ದೀಪ ಉರಿಯುತ್ತಿತ್ತು. ಬಾಗಿಲು ಮುಚ್ಚಲು ತಡ ಮಾಡುತ್ತಿತ್ತು. ವ್ಯಾನಿನ ಡ್ರೈವರು ಎರಡು ಸಲ ಫೋನು ಮಾಡಿದ್ದ. ಕಡ್ಡಿ ಅವಸರದಲ್ಲಿ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಲು ಕೈ ಚಾಚಿದಳು.

ಎಡಗೈಯೊಂದು ಬಂದು ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿತು.

"ಆಯ್ತು," ಎಂದ ಅಣ್ಣ.

ಬಾಗಿಲು ಮುಚ್ಚಿತು. ಲಿಫ್ಟು ಇಳಿಯತೊಡಗಿತು. ಕಡ್ಡಿ ದೀಪ ಉರಿಯುತ್ತಿದ್ದ ಆ ಗುಂಡಿಯನ್ನು ನೋಡಿದಳು.

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಅವಳು ಅಣ್ಣನ ಲಿಫ್ಟಿನಲ್ಲಿ ಮೂಲೆಗೊರಗಿ ನಿಂತು ಮೇಲೆ ಕೆಳಗೆ ಓಡಾಡುತ್ತಿದ್ದಳು. ಆತುರದ ಸಾಹೇಬರು ಯಾರಾದರೂ ಬಂದು, ದೀಪ ಹತ್ತಿರುವ ಗುಂಡಿಯನ್ನೇ ಮತ್ತೆ ಮತ್ತೆ ಕುಟ್ಟುತ್ತಿದ್ದರು. ಅಣ್ಣನಿಗೆ ಅದೊಂದು ಆಗುತ್ತಿರಲಿಲ್ಲ. ಸಾಹೇಬರಾದರೇನು, ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಆಯ್ತು ಸಾರ್, ಆಯ್ತು. ದೀಪ ಹತ್ತಿದೆ ಅಲ್ವಾ, ಅದಕ್ಕೆ ಗೊತ್ತಾಗಿದೆ," ಎನ್ನುತ್ತಿದ್ದ. ದೀಪ ಹತ್ತಿತೆಂದರೆ ಆ ಗುಂಡಿಯ ಕೆಲಸ ಮುಗಿಯಿತು. ಹತ್ತಿದ್ದನ್ನು ಒತ್ತುವವನು ಲಿಫ್ಟು ಗೊತ್ತಿಲ್ಲದವನು. ಅವಳು ದಿನ ದಿನವೂ ತಂದು ಅವನ ಮುಂದಿಟ್ಟದ್ದು ಆಗಲೇ ಒತ್ತಿದ ಗುಂಡಿಗಳನ್ನು. ಮಿಣುಕಿಸಿ, ಹೊಳೆಯಿಸಿ, ಒತ್ತಣ್ಣ ಒತ್ತಣ್ಣ ಎಂದು ಗೋಗರೆದಿದ್ದಳು. ಅವನು ಪ್ರತಿಸಲವೂ ಸರಿಯಾದ ಉತ್ತರ ಕೊಟ್ಟಿದ್ದ. ಫಲಕದ ಕೆಳಗಿನ ಬಾಗಿದ ತಿರುಪನ್ನು ಸಹ ನೋಡಿ ಬಿಡಿಸಿದವಳಿಗೆ ದೀಪ ಏನು ಹೇಳುತ್ತದೆ ಎಂಬುದು ಕಂಡಿರಲಿಲ್ಲ.

ಕುರ್ಚಿಯನ್ನು ಆಯಾಳ ಕೈಗೆ ಕೊಟ್ಟು ಅವಳು ಮೆಟ್ಟಿಲು ಹತ್ತಿ ಓಡಿದಳು. ಆ ಮೈಯಲ್ಲಿ ಹೇಗೆ ಓಡಿದಳೋ. ಮೇಡಂ ಕೋಣೆಯಲ್ಲಿ ಬೇರೊಬ್ಬರ ಕಾರ್ಡು ಜೋಡಿಸುತ್ತಿದ್ದರು. ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದಳು. ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ, ಲಿಫ್ಟು, ಸಾಹೇಬರು, ಹಳದಿ ದೀಪ ಎಂದು ಹೇಳಿದಳು. ಮೇಡಂ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಕೈಯಲ್ಲಿದ್ದ ಕಾರ್ಡು ಮೇಜಿಗೆ ಇಳಿಯಿತು.

"ನೀವು ಹೇಳ್ತಿರೋದು ನಿಜ ಇರಬಹುದು. ನಿಜಾನೇ ಇರಬೇಕು," ಎಂದರು. "ನನಗೂ ಹೊಳೀಬೇಕಿತ್ತು. ಆದರೆ ಆ ಹಾಸಿಗೆಗೆ ಆಗಲೇ ಬೇರೆಯವರು ಬಂದು ಮಲಗಿದಾರೆ. ಅವರನ್ನ ಎಬ್ಬಿಸೋಕಾಗಲ್ಲ ಅಲ್ವಾ."

ಮತ್ತೊಂದು ತೆರವಾದರೆ ಮತ್ತೆ ಕರೆಸಿ ನೋಡುತ್ತೇನೆ ಎಂದರು. ಯಾವಾಗ ಎಂದು ಕಡ್ಡಿ ಕೇಳಿದಳು. ಗೊತ್ತಿಲ್ಲ ಎಂದರು ಮೇಡಂ. ಸುಳ್ಳು ಹೇಳುವವರಲ್ಲವಲ್ಲ. ಬಿದ್ದ ಮೊದಲ ತಿಂಗಳುಗಳಲ್ಲಿ ಕಲಿತದ್ದೇ ನಿಲ್ಲುವುದು, ತಡವಾದಷ್ಟೂ ಕಷ್ಟ ಎಂದು ಅವರೇ ಹಿಂದೊಮ್ಮೆ ಹೇಳಿದ್ದರು.

ಆರೈಕೆ ಮನೆ ಉದ್ದನೆಯ ಒಂದು ಹಜಾರ. ಎರಡೂ ಕಡೆ ಮಂಚ, ನಡುವೆ ಒರೆಸಿ ಒರೆಸಿ ಮಾಸಿದ ನೆಲ, ಫಿನಾಯಿಲ್ ವಾಸನೆ. ಮಂಚಗಳಲ್ಲಿ ಮಲಗಿದ್ದವರು ಯಾರೂ ಬಂದವರ ಕಡೆ ತಲೆ ತಿರುಗಿಸಲಿಲ್ಲ. ಅಣ್ಣನ ಮಂಚ ಕೊನೆಯದು, ಗೋಡೆಯ ಪಕ್ಕ. ಕರೆಂಟಿನ ಪ್ಲಗ್ಗು ಅಲ್ಲಿಗೆ ಎಟುಕುತ್ತಿರಲಿಲ್ಲ.

ರಜೆಯ ದಿನ ಕಡ್ಡಿ ಆ ಪರದೆಯನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಆಟ ಬದಲಾಗಿತ್ತು. ಬದಲಾದದ್ದು ಎಂದರೆ ಬರೆದದ್ದಲ್ಲ, ಅಳಿಸಿದ್ದು. ತಾನಾಗಿ ಹತ್ತುವ ದೀಪ ತೆಗೆದಳು, ಕಾಯುವ ಗಡಿಯಾರ ತೆಗೆದಳು, ಅಂಕ, ಟಿಣ್, ಸೊನ್ನೆ, ಹೂವು ಎಲ್ಲ ತೆಗೆದಳು. ಕೊನೆಗೆ ಉಳಿದದ್ದು ಮೊದಲ ಪಾಠದಷ್ಟೇ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಹತ್ತಿದ್ದು ಹತ್ತಿಯೇ ಇರುತ್ತದೆ. ಬರೆಯಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಅತ್ತಿಗೆ ಮಂಚದ ಕಾಲ್ಬದಿಯಲ್ಲಿ ಕೂತಿದ್ದರು. ಕಡ್ಡಿ ಅವರಿಗೆ ಏನನ್ನೂ ಹೇಳಿರಲಿಲ್ಲ. ಹೇಳಲು ನಾಲ್ಕು ಸಲ ಬಾಯಿ ತೆರೆದಿದ್ದಳು. ಹೇಳಿದರೆ ಅದರ ಹಿಂದೆಯೇ, ಅತ್ತಿಗೆ ಅವತ್ತು ಆಡಿದ್ದೂ ಅವನಿಗೆ ತಿಳಿದಿತ್ತು ಎಂಬ ಮಾತು ಬರುತ್ತದೆಂದು ಮುಚ್ಚಿಕೊಂಡಿದ್ದಳು. ಈಗ ಅವಳು ಪರದೆಯನ್ನು ಅಣ್ಣನ ಎಡಗೈಗೆ ಎಟಕುವಂತೆ ಇಟ್ಟು, ಕುರ್ಚಿಯಲ್ಲಿ ಕೂರದೆ, ಲಿಫ್ಟಿಗೆ ಬಂದವಳ ಹಾಗೆ ಅವನ ಪಕ್ಕ ನಿಂತಳು.

"ಅಣ್ಣ, ನಾಲ್ಕು."

ಅವನ ಬೆರಳು ಹೊರಟಿತು. ತಡೆದು ತಡೆದು ಹೋಗಿ, ಅರ್ಧ ಅಳಿಸಿದ ನಾಲ್ಕರ ಮೇಲೆ ನಿಂತು ಒತ್ತಿತು. ದೀಪ ಹತ್ತಿತು.

"ಆರು."

ಆರು ಹತ್ತಿತು.

"ಎರಡು."

ಎರಡು ಹತ್ತಿತು. ಅತ್ತಿಗೆ ಕೂತಲ್ಲಿಂದ ಎದ್ದಿದ್ದರು.

"ಅಣ್ಣ, ನಾಲ್ಕು," ಎಂದಳು ಕಡ್ಡಿ ಇನ್ನೊಮ್ಮೆ.

ಅಣ್ಣ ನಾಲ್ಕನ್ನು ನೋಡಿದ. ಕೈ ಎತ್ತಲಿಲ್ಲ. "ಆಯ್ತು," ಎಂದ.

ಹಜಾರದಲ್ಲಿ ಯಾರೋ ಕೆಮ್ಮಿದರು. ಅತ್ತಿಗೆ ದಡ್ಡಿಯಲ್ಲ. ಪರದೆಯನ್ನು ನೋಡಿದರು, ಗಂಡನನ್ನು ನೋಡಿದರು, ಕಡ್ಡಿಯನ್ನು ನೋಡಿದರು.

"ಹಾಗಾದ್ರೆ ಇವರಿಗೆ ಅರ್ಥ ಆಗ್ತಿತ್ತಾ? ಇಷ್ಟು ದಿನಾನೂ?"

"ಆಗ್ತಿತ್ತು ಅತ್ತಿಗೆ. ನಾನೇ ಗುಂಡಿ ಉಲ್ಟಾ ಇಟ್ಟಿದ್ದೆ."

"ನಾವು ಆಡಿದ್ದೆಲ್ಲಾ?"

ಕಡ್ಡಿ ತಲೆ ತಗ್ಗಿಸಿದಳು.

ಅತ್ತಿಗೆ ಮಂಚದ ಸರಳು ಹಿಡಿದುಕೊಂಡು ಬಗ್ಗಿದರು. ಮದುವೆಯಾದಾಗಿನಿಂದ ಗಂಡನೊಂದಿಗೆ ಜಗಳವಾಡಿಯೇ ಮಾತಾಡಿ ಅಭ್ಯಾಸವಿದ್ದ ಬಾಯಿಗೆ ಬೇರೆ ದನಿ ಸಿಗಲು ಹೊತ್ತಾಯಿತು. "ರೀ, ನಾನು ಅವತ್ತು ಬಾಯಿಗೆ ಬಂದದ್ದು ಆಡಿಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ. ಕೇಳಿಸ್ತಾ? ಮನಸ್ಸಲ್ಲಿ ಇಟ್ಕೋಬೇಡಿ ರೀ."

ಅವನು ಹೆಂಡತಿಯ ಮುಖವನ್ನು ನೋಡಿದ. ಅವರು ಅದನ್ನೇ ಮತ್ತೆ ಹೇಳಿದರು. ಮೂರನೆಯ ಸಲ ಹೇಳಲು ಬಾಯಿ ತೆರೆದಾಗ ಅವನ ಎಡಗೈ ಬಂದು, ಸರಳು ಹಿಡಿದಿದ್ದ ಅವರ ಮಣಿಕಟ್ಟನ್ನು ಮೆಲ್ಲಗೆ ಹಿಡಿಯಿತು.

"ಆಯ್ತು," ಎಂದ.

ಪ್ಲಗ್ಗಿಲ್ಲದ ಪರದೆ ಬ್ಯಾಟರಿ ಉಳಿಸಿಕೊಳ್ಳಲೆಂದು ಮಂಕಾಯಿತು, ಇನ್ನಷ್ಟು ಮಂಕಾಯಿತು, ಕೊನೆಗೆ ಎಲ್ಲ ದೀಪಗಳೂ ಒಟ್ಟಿಗೆ ಆರಿ ಕಪ್ಪಾಯಿತು. ಅಣ್ಣ ಹೆಂಡತಿಯ ಕೈ ಬಿಟ್ಟ. ಕಪ್ಪು ಗಾಜಿನ ಮೇಲೆ, ನಾಲ್ಕು ಇದ್ದ ಜಾಗವನ್ನು ಹೆಬ್ಬೆರಳಿನಿಂದ ತಡವಿ ಹುಡುಕಿ, ಒತ್ತಿದ.